ಅಗಸೆಯೆಂಬ ಹೆಸರೂ ಅತಸೀಬೀಜದ ಉಪಯೋಗವೂ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ‘ಅಗಸೆ’ಯೆಂದರೆ ಮೊದಲು ನೆನಪಿಗೆ ಬರುವುದು ಮರವೇ ಹೊರತು ಬೀಜವಲ್ಲ. ಏಕಾದಶಿಯ ಉಪವಾಸವನ್ನು ಆಚರಿಸುವವರಲ್ಲಿ ಮರುದಿನದ ದ್ವಾದಶೀ ಪಾರಣೆಗೆ ಈ ಮರದ ಸೊಪ್ಪಿನ ಪಲ್ಯವು ನೆಲ್ಲಿಕಾಯಿಯೊಡನೆ ಎಲೆಗೆ ಬರುವುದು ರೂಢಿ. ಎಲೆತೋಟಗಳಲ್ಲಿ ವೀಳ್ಯದ ಬಳ್ಳಿ ಹಬ್ಬುವುದಕ್ಕೂ ಇದೇ ಮರವನ್ನು ನೆಡುವುದುಂಟು. ಧಾರವಾಡ, ಬಾಗಲಕೋಟೆ, ವಿಜಯಪುರ, ಕಲಬುರಗಿಗಳ ಕಡೆಯಲ್ಲಾದರೋ ‘ಅಗಸಿ’ಯೆಂಬುದು ಕರಿಯ ನೆಲದಲ್ಲಿ ಹಿಂಗಾರಿಗೆ ಬೆಳೆಯುವ ಎಣ್ಣೆಕಾಳು. ಅಲ್ಲಿ ಊರ ಹೆಬ್ಬಾಗಿಲಿಗೂ ಅದೇ ಹೆಸರಿರುವುದು ಬೇರೆಯ ಮಾತು. ಆರೋಗ್ಯಕ್ಕೆ ಹಿತವೆಂಬ ಪ್ರಸಿದ್ಧಿಯಿಂದ ಆ ಕಾಳು ಈಚೆಗೆ ಹಾಸನದ ಸೀಮೆಯ ಅಂಗಡಿಗಳಿಗೂ ಬಂದಿರುವುದರಿಂದ ಒಂದೇ ಹೆಸರಿನಲ್ಲಿ ಎರಡು ದ್ರವ್ಯಗಳು ಕೂಡಿಕೊಂಡಿವೆ. ಇದರಿಂದ ಪಾಠಶಾಲೆಯಲ್ಲಿ ಅರ್ಥದೋಷವೂ ಅಡುಗೆಮನೆಯಲ್ಲಿ ದ್ರವ್ಯದೋಷವೂ ಉಂಟಾಗುವುದಕ್ಕೆ ಅವಕಾಶವಿದೆ.

ಕಾಳಿನ ಸಂಸ್ಕೃತನಾಮವು ಅತಸೀ. ಅಮರಸಿಂಹನು ಇದನ್ನು ಧಾನ್ಯಗಳ ನಡುವೆ, ವೈಶ್ಯವರ್ಗದಲ್ಲಿ, ಉಮಾ ಮತ್ತು ಕ್ಷುಮಾ ಎಂಬ ಪರ್ಯಾಯಗಳೊಡನೆ ಹೇಳಿರುವನು. ಕ್ಷುಮೆಯ ನಾರಿನಿಂದ ನೆಯ್ದುದು ಕ್ಷೌಮ. ಕಾವ್ಯಗಳಲ್ಲಿ ಕ್ಷೌಮವೆಂಬುದನ್ನು ‘ರೇಷ್ಮೆ’ಯೆಂದು ಬಿಡಿಸಿಬಿಡುವುದು ವ್ಯಾಖ್ಯಾನಕಾರರಿಗೆ ಸುಲಭವಾದ ದಾರಿಯಾಗಿದೆ. ಶಬ್ದದ ಮೂಲವಾದರೋ ಈ ಗಿಡವೇ. ಪಾಣಿನಿಯು ಹೊಲಗಳ ಹೆಸರನ್ನು ಸಾಧಿಸುವಾಗ ಎಳ್ಳು, ಉದ್ದುಗಳ ಜೊತೆಯಲ್ಲಿ ಉಮೆಯನ್ನೂ ಎಣಿಸಿದ್ದಾನೆ. ಉಮೆಯನ್ನು ಬೆಳೆಯುವ ಹೊಲವು ‘ಉಮ್ಯ’ ಅಥವಾ ‘ಔಮೀನ’. ಹೊಲದ ಹೆಸರು ವ್ಯಾಕರಣಕ್ಕೆ ಬರಬೇಕಾದರೆ ಬೆಳೆಯು ಆಗಿನ ಕೃಷಿಯಲ್ಲಿ ನೆಲೆಗೊಂಡಿದ್ದಿರಬೇಕು.

ಅಗಸೆಮರದ ವಿಷಯವೇ ಬೇರೆ. ಅದು ಅಗಸ್ತ್ಯ, ಮುನಿದ್ರುಮ, ವಂಗಸೇನ ಎಂಬುವೂ ಅದರ ಹೆಸರುಗಳೇ. ಅಗಸ್ತ್ಯವು ಅಗಸೆಯಾದುದಕ್ಕೆ ವಿವರಣೆ ಬೇಕಿಲ್ಲ. ತಮಿಳಿನ ‘ಅಗತ್ತಿ’ಯೂ ಅದಕ್ಕೆ ಹತ್ತಿರವಾಗಿದೆ. ಅತಸಿಯು ಅಗಸೆಯಾಯಿತೆಂಬುದು ಮಾತ್ರ ಅಷ್ಟು ಸರಳವಲ್ಲ, ಏಕೆಂದರೆ ತದ್ಭವಗಳಲ್ಲಿ ತಕಾರವು ಗಕಾರವಾಗುವುದು ವಿರಳ. ಮರದ ಹೆಸರು ಮೊದಲೇ ರೂಢಿಯಲ್ಲಿದ್ದು, ಬಳಿಕ ಬಂದ ಕಾಳಿನ ಹೆಸರನ್ನು ತನ್ನ ಆಕಾರಕ್ಕೆ ಎಳೆದುಕೊಂಡಿತೆಂದು ಊಹಿಸಬಹುದು. ತೆಲುಗಿನಲ್ಲಿಯೂ ‘ಅವಿಸೆ’ಯೆಂಬುದು ಮರಕ್ಕೂ ಕಾಳಿಗೂ ಸಲ್ಲುವುದು. ಆದುದರಿಂದ ಈ ಗೊಂದಲ ಕನ್ನಡಕ್ಕೆ ಮಾತ್ರ ಸೇರಿದುದಲ್ಲ. ಬಂಗಾಳದಲ್ಲಿ ಅತಸೀ ಎಂಬ ಹೆಸರು ಸೆಣಬಿನ ಜಾತಿಯದೊಂದು ಹಳದಿ ಹೂವಿನ ಗಿಡಕ್ಕೆ ಹೋಗಿದೆ.

ಉಪಾಧ್ಯಾಯರಿಗೆ ಇದು ಮುಖ್ಯವಾಗುವುದು ವರ್ಣನೆಯ ಪದ್ಯಗಳಲ್ಲಿ. ಕೃಷ್ಣಾಷ್ಟಕವೇ ಮೊದಲಾದ ಸ್ತೋತ್ರಗಳಲ್ಲಿ ಕೃಷ್ಣನ ಮೈಬಣ್ಣಕ್ಕೆ ಅತಸೀಪುಷ್ಪವು ಉಪಮಾನ. ಅದನ್ನು ‘ಅಗಸೆಯ ಹೂ’ ಎಂದು ಮಾತ್ರ ಹೇಳಿ ಮುಂದೆ ಸಾಗಿದರೆ, ಹೊಳೆನರಸೀಪುರದ ಹುಡುಗನ ಕಣ್ಣಿಗೆ ಕಟ್ಟುವುದು ಹಿತ್ತಿಲ ಮರದ ಬಿಳಿಯ ಅಥವಾ ಕೆಂಪಾದ, ಕೊಕ್ಕಿನಂತೆ ಬಾಗಿದ ದೊಡ್ಡ ಹೂವು. ಶ್ಯಾಮಲನಾದ ದೇವರು ಬಿಳಿಯನಾದನು! ಅತಸಿಯ ಹೂವು ಐದೆಸಳಿನದು, ಚಿಕ್ಕದು, ತಿಳಿನೀಲಿ. ಬೆಳಗಿನಲ್ಲಿ ಅರಳಿ ಮಧ್ಯಾಹ್ನದ ಹೊತ್ತಿಗೆ ಎಸಳುದುರುವುದು. ‘ಎಣ್ಣೆಕಾಳಿನ ಅಗಸೆ, ನೀಲಿಯ ಹೂ’ ಎಂದು ಎರಡು ಮಾತು ಕೂಡಿಸಿದರೆ ಉಪಮೆ ಉಳಿಯುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಹುಚ್ಚೆಳ್ಳಿನದು. ಈ ಸೀಮೆಯ ರಾಗಿಯ ಹೊಲಗಳಲ್ಲಿ ಅಕ್ಕಡಿಸಾಲಿಗೆ ಅವರೆ, ತೊಗರಿಗಳೊಡನೆ ಹುಚ್ಚೆಳ್ಳನ್ನೂ ಬಿತ್ತುವುದು ಪೂರ್ವಿಕರ ಪದ್ಧತಿ. ಅದರ ಚಟ್ನಿಯಿಲ್ಲದೆ ರಾಗಿರೊಟ್ಟಿಗೆ ಸೊಗಸಿಲ್ಲವೆಂಬುದು ಇಲ್ಲಿಯವರ ಮತ. ಎಣ್ಣೆಕಾಳೆಂಬ ಸಾಮ್ಯದಿಂದ ಕೆಲವರು ಇದನ್ನೇ ಅಗಸೆಯೆಂದು ಎಣಿಸುವರು. ಹುಚ್ಚೆಳ್ಳು ಇಥಿಯೋಪಿಯ ಮೂಲದ ಹಳದಿ ಹೂವಿನ ಗಿಡ. ಉತ್ತರದಲ್ಲಿ ಇದಕ್ಕೆ ಗುರೆಳ್ಳೆಂದು ಹೆಸರು. ಇದರ ಕಾಳು ಕಪ್ಪಾಗಿ ಸಪುರವಾಗಿರುವುದು. ಅಗಸೆಯದು ಕಂದುಬಣ್ಣ, ಚಪ್ಪಟೆ, ನುಣುಪು. ನೀರು ತಗುಲಿದರೆ ಲೋಳೆಗಟ್ಟುವುದು. ಪರೀಕ್ಷೆಗೆ ಇಷ್ಟೇ ಸಾಕು. ಎಣ್ಣೆಯ ಗುಣದಲ್ಲಿಯೂ ಭೇದವುಂಟು. ಹುಚ್ಚೆಳ್ಳಿನ ಎಣ್ಣೆಯಲ್ಲಿ ಹೆಚ್ಚಾಗಿರುವುದು ಲಿನೊಲೀಕ್ ಆಮ್ಲ; ಅಗಸೆಗೆ ಪ್ರಸಿದ್ಧಿ ತಂದ ಆಲ್ಫಾ ಲಿನೊಲೆನಿಕ್ ಆಮ್ಲವು ಅದರಲ್ಲಿ ಅತ್ಯಲ್ಪ. ಒಂದರ ಬದಲಿಗೆ ಇನ್ನೊಂದು ಸಲ್ಲದು. ಹಾಗೆಂದು ಹುಚ್ಚೆಳ್ಳು ಕೀಳೆಂದು ಭಾವಿಸಬೇಕಾಗಿಲ್ಲ.

೧೭೫೩ರಲ್ಲಿ ಲಿನೇಯಸನು ಅಗಸೆಗೆ ಕೊಟ್ಟ ‘ಲೈನಮ್ ಯುಸಿಟಾಟಿಸ್ಸಿಮಮ್’ ಎಂಬ ಲ್ಯಾಟಿನ್ ಹೆಸರಿನ ಎರಡನೆಯ ಪದಕ್ಕೆ ‘ಅತ್ಯಂತ ಉಪಯುಕ್ತ’ವೆಂದು ಅರ್ಥ. ನಮ್ಮ ವೈದ್ಯಗ್ರಂಥಗಳು ಇಷ್ಟು ಉದಾರವಾಗಿಲ್ಲ. ಸುಶ್ರುತಸಂಹಿತೆಯಲ್ಲಿ ಅತಸಿಯು ಬಾವನ್ನು ಪಕ್ವಗೊಳಿಸುವ ಉಷ್ಣದ್ರವ್ಯಗಳಲ್ಲೊಂದು. ಅಂದರೆ ಮೇಲೆ ಹಚ್ಚುವ ಔಷಧ. ಭಾವಪ್ರಕಾಶವು ಅದನ್ನು ಸ್ನಿಗ್ಧ, ಗುರು, ಉಷ್ಣವೆಂದು ಹೇಳಿ ಕಣ್ಣಿಗೆ ಹಿತವಲ್ಲವೆಂದೂ ಎಚ್ಚರಿಸುತ್ತದೆ. ಈಗಿನ ಜಾಹೀರಾತುಗಳು ಪ್ರಾಚೀನರ ಹೆಸರನ್ನು ಹೇಳುವಾಗ ಈ ಮಾತನ್ನು ಬಿಟ್ಟುಬಿಡುವುವು.

ಆಧುನಿಕ ಪರೀಕ್ಷೆಯಂತೆ ನೂರು ಗ್ರಾಂ ಕಾಳಿನಲ್ಲಿ ಸುಮಾರು ೪೨ ಗ್ರಾಂ ಕೊಬ್ಬು, ೨೭ ಗ್ರಾಂ ನಾರು, ೧೮ ಗ್ರಾಂ ಸಸಾರಜನಕ ಇವೆ. ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಒಮೇಗಾ-೩ ವರ್ಗದ ಆಲ್ಫಾ ಲಿನೊಲೆನಿಕ್ ಆಮ್ಲ. ಮೀನು ತಿನ್ನದವರಿಗೆ ಇದು ಗಣ್ಯವಾದ ಆಧಾರವೇ ಆದರೂ, ಮೀನಿನೆಣ್ಣೆಯಲ್ಲಿರುವ ರೂಪಕ್ಕೆ ದೇಹವು ಇದರ ಸ್ವಲ್ಪ ಭಾಗವನ್ನು ಮಾತ್ರ ಬದಲಿಸಬಲ್ಲದು. ಲೋಳೆಯೂ ನಾರೂ ಮಲಬದ್ಧತೆಯನ್ನು ಕಳೆಯುವುವು. ರಕ್ತದ ಕೊಲೆಸ್ಟರಾಲನ್ನೂ ಒತ್ತಡವನ್ನೂ ಕೊಂಚಮಟ್ಟಿಗೆ ಇಳಿಸುವುದು ಪ್ರಯೋಗಗಳಿಂದ ತಿಳಿದಿದೆ. ಔಷಧಿಯನ್ನು ಬಿಟ್ಟು ಇದನ್ನೇ ನೆಚ್ಚುವಷ್ಟಲ್ಲ.

ಇಡಿಯ ಕಾಳನ್ನು ನುಂಗಿದರೆ ಅದು ಜೀರ್ಣವಾಗದೆ ಹಾಗೆಯೇ ಹೊರಬೀಳುವುದು, ಪುಡಿಮಾಡಲೇಬೇಕು. ಉತ್ತರದವರ ಕ್ರಮವು ಒಳ್ಳೆಯದು. ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಚಟಪಟ ಎನ್ನುವವರೆಗೆ ಹುರಿದು, ಒಣಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ, ಉಪ್ಪು ಸೇರಿಸಿ ಕುಟ್ಟುವರು. ಜೋಳದ ರೊಟ್ಟಿಗೆ ಒಗ್ಗಿದ ಈ ಪುಡಿ ರಾಗಿರೊಟ್ಟಿಗೂ ಒಗ್ಗುವುದು. ಹಸಿಯ ಕಾಳಿನಲ್ಲಿ ಸಯನೈಡನ್ನು ಬಿಡುವ ಅಂಶವು ಅಲ್ಪವಾಗಿ ಇರುವುದರಿಂದಲೂ ಹುರಿಯುವುದು ಯುಕ್ತ. ಪುಡಿಯು ಬೇಗನೆ ಕಮಟುವುದರಿಂದ ವಾರಕ್ಕೆ ಬೇಕಾದಷ್ಟನ್ನೇ ಮಾಡಿಕೊಳ್ಳಬೇಕು. ದಿನಕ್ಕೆ ಒಂದೆರಡು ಚಮಚ ಸಾಕು. ಮೇಲೆ ನೀರನ್ನು ಚೆನ್ನಾಗಿ ಕುಡಿಯಬೇಕು, ಇಲ್ಲವಾದರೆ ಲೋಳೆ ಕರುಳಿನಲ್ಲಿ ಕಟ್ಟಿಕೊಳ್ಳುವುದುಂಟು. ಗರ್ಭಿಣಿಯರೂ ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇವಿಸುವವರೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳತಕ್ಕದ್ದು.

ಎಣ್ಣೆ ತೆಗೆದ ಹಿಂಡಿ ದನಗಳಿಗೆ ಮೇವು. ಎಣ್ಣೆಯು ಗಾಳಿಗೆ ಒಣಗಿ ಗಟ್ಟಿಯಾಗುವ ಸ್ವಭಾವದ್ದಾದುದರಿಂದ ಬಣ್ಣ ಬಳಿಯುವವರಿಗೂ ಬಡಗಿಗಳಿಗೂ ಬೇಕಾಗುವುದು. ಬಣ್ಣದಂಗಡಿಯಲ್ಲಿ ಮಾರುವ ಕಾಯಿಸಿದ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣಗಳನ್ನು ಬೆರೆಸಿರುವರು. ಹೆಸರು ಅಗಸೆಯೆಣ್ಣೆಯೇ ಆದರೂ ಅದನ್ನು ಬಾಯಿಗಿಡಬಾರದು.