ಕೂತಲ್ಲೇ ಕೂತು ಎಷ್ಟು ದೂರ ಬಂದಿರಿ?

ನೀವೀಗ ಕುರ್ಚಿಯಲ್ಲಿ ಕೂತಿದ್ದೀರಿ. ಕದಲದೆ ಓದುತ್ತಿದ್ದೀರಿ. ಹೌದು ತಾನೆ?

ಅಲ್ಲ! ನೀವು ಓಡುತ್ತಿದ್ದೀರಿ! ನಿಮ್ಮ ಈಗಿನ ವೇಗದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಎಷ್ಟು ಹೊತ್ತಿನ ದಾರಿ? ಊಹಿಸಿ. ಒಂದು ಗಂಟೆ? ಒಂದು ನಿಮಿಷ?

ಒಂದು ಸೆಕೆಂಡೂ ಬೇಡ! ಸೂರ್ಯ ನಮ್ಮನ್ನೆಲ್ಲ ಕಂಕುಳಲ್ಲಿ ಎತ್ತಿಕೊಂಡು ಸೆಕೆಂಡಿಗೆ ಸುಮಾರು 230 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದಾನೆ.

ಎಲ್ಲಿ? ಗೆಲಾಕ್ಸಿಯೊಳಗೆ! ಗುರುತ್ವ ಒಟ್ಟಿಗೆ ಹಿಡಿದಿಟ್ಟಿರುವ ನಕ್ಷತ್ರ, ಅನಿಲ, ದೂಳಿನ ಮಹಾಸಂತೆ ಅದು. ನಮ್ಮ ಗೆಲಾಕ್ಸಿಯ ಹೆಸರು ಆಕಾಶಗಂಗೆ. ಅದರಲ್ಲಿ ನಕ್ಷತ್ರಗಳೆಷ್ಟು? ಕಡಿಮೆಯೆಂದರೂ ಹತ್ತು ಸಾವಿರ ಕೋಟಿ! ಅಗಲವೆಷ್ಟು? ಈ ಅಂಚಿನಿಂದ ಆ ಅಂಚು ಮುಟ್ಟಲು ಬೆಳಕಿಗೇ ಸುಮಾರು ಒಂದು ಲಕ್ಷ ವರ್ಷ ಬೇಕು!

ತಲೆಗೆ ಹತ್ತಲಿಲ್ಲವೇ? ಬನ್ನಿ, ಕುಗ್ಗಿಸೋಣ. ಇಡೀ ಆಕಾಶಗಂಗೆಯನ್ನು ಬೀದರಿನಿಂದ ಚಾಮರಾಜನಗರದಷ್ಟಕ್ಕೆ ಇಳಿಸಿ. ಈಗ ಹೇಳಿ, ಸೂರ್ಯನಿಂದ ನೆಪ್ಚೂನ್‌ವರೆಗೆ ಎಲ್ಲ ಗ್ರಹಗಳೂ ಸೇರಿದ ನಮ್ಮ ಸೌರಮಂಡಲ ಎಷ್ಟು ದೊಡ್ಡದು? ಒಂದು ಊರಿನಷ್ಟು? ಕೆರೆಯಷ್ಟು? ಮನೆಯಂಗಳದಷ್ಟು?

ಒಂದು ಕಡಲೆಕಾಳಿನಷ್ಟು!

ಅಷ್ಟೇ! ಇಡೀ ನಾಡಿನಲ್ಲಿ ಒಂದು ಕಾಳು! ಅತಿ ಹತ್ತಿರದ ನಕ್ಷತ್ರ ಅಲ್ಲಿಂದ ಸುಮಾರು 30 ಮೀಟರ್ ಆಚೆ. ಸೂರ್ಯನೋ, ಆ ಕಾಳಿನೊಳಗೆ ಬರಿಗಣ್ಣಿಗೆ ಕಾಣದ ಕಣ!

ಇಷ್ಟು ಅಗಲವಾದ ಆಕಾಶಗಂಗೆ ದೋಸೆಯ ಹಾಗೆ ತೆಳ್ಳಗಿದೆ. ಒಂದು ಅಡಿ ಅಗಲದ ದೋಸೆ ಹುಯ್ದರೆ ದಪ್ಪ ಮೂರು ಮಿಲಿಮೀಟರ್. ನಾವಿರುವುದು ಆ ಹಿಟ್ಟಿನೊಳಗೇ, ನಡುವಿಗೂ ಅಂಚಿಗೂ ಸರಿಸುಮಾರು ಅರ್ಧ ದಾರಿಯಲ್ಲಿ. ಮೇಲೆ, ಕೆಳಗೆ ನೋಡಿದರೆ ನಕ್ಷತ್ರಗಳು ವಿರಳ. ದೋಸೆಯುದ್ದಕ್ಕೂ ಕಣ್ಣು ಹಾಯಿಸಿದರೆ ರಾಶಿ ರಾಶಿ! ಕತ್ತಲ ರಾತ್ರಿ ಆಕಾಶದಲ್ಲಿ ಹಾಲು ಚೆಲ್ಲಿದಂಥ ಪಟ್ಟಿ ಕಾಣುತ್ತದಲ್ಲ, ಅದು ದೋಸೆಯೊಳಗಿನಿಂದ ಕಂಡ ದೋಸೆ!

ಹಾಗಾದರೆ ನಡುಮಧ್ಯ ಎಲ್ಲಿದೆ? ಏಪ್ರಿಲ್ ತಿಂಗಳ ಬೆಳಗಿನ ಜಾವ ದಕ್ಷಿಣಕ್ಕೆ ನೋಡಿ. ವೃಶ್ಚಿಕದ ಚೇಳು ಬಾಲ ಮಡಚಿ ಮಲಗಿರುತ್ತದೆ. ಆ ಬಾಲದ ತುದಿಗೆ ನಮ್ಮ ಹಿರಿಯರು ಇಟ್ಟ ಹೆಸರು ಮೂಲಾ ನಕ್ಷತ್ರ. ಗೆಲಾಕ್ಸಿಯ ಕೇಂದ್ರ ಅದರ ಪಕ್ಕದಲ್ಲೇ ಇದೆ! ಹೆಸರಿಟ್ಟವರಿಗೆ ಇದು ತಿಳಿದಿರಲು ಸಾಧ್ಯವೇ ಇಲ್ಲ. ಆದರೂ ಎಂಥ ಕಾಕತಾಳೀಯ! ಅಲ್ಲಿ ಕೂತಿರುವುದು 40 ಲಕ್ಷ ಸೂರ್ಯರಷ್ಟು ತೂಕದ ಕಪ್ಪುಕುಳಿ. ಅದರ ಚಿತ್ರ 2022ರ ಮೇ ತಿಂಗಳಲ್ಲಿ ಹೊರಬಂತು!

ಇಷ್ಟೇ ವಿಶ್ವ ಎಂದುಕೊಂಡಿರಾ? ನೂರು ವರ್ಷದ ಹಿಂದೆ ಹಲವು ಘಟಾನುಘಟಿ ವಿಜ್ಞಾನಿಗಳೂ ಹಾಗೇ ನಂಬಿದ್ದರು! 1923ರ ಅಕ್ಟೋಬರ್. ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಬೆಟ್ಟ. ಖಗೋಳವಿಜ್ಞಾನಿ ಎಡ್ವಿನ್ ಹಬಲ್ ದೇವಯಾನಿ ಎಂಬ ನೀಹಾರಿಕೆಯ ಚಿತ್ರವನ್ನು ಗಾಜಿನ ಫಲಕದ ಮೇಲೆ ಸೆರೆಹಿಡಿದ. ಅದರಲ್ಲೊಂದು ಚುಕ್ಕಿ. ಒಮ್ಮೆಗೇ ಭುಗಿಲೇಳುವ ನೋವಾ ಇರಬೇಕೆಂದು ಪಕ್ಕದಲ್ಲಿ ‘ಎನ್’ ಎಂದು ಬರೆದ. ಆಮೇಲೆ ಹಳೆಯ ಫಲಕಗಳ ಜೊತೆ ಹೋಲಿಸಿದ. ಚುಕ್ಕಿ ಬೆಳಗುತ್ತಿದೆ, ಮಂಕಾಗುತ್ತಿದೆ! ‘ಎನ್’ ಹೊಡೆದುಹಾಕಿ ‘ವಾರ್!’ ಎಂದು ಬರೆದ. ಬೆಳಕು ಏರಿಳಿಯುವ ನಕ್ಷತ್ರ ಎಂಬುದರ ಚುಟುಕು ಅದು. ಆ ಏರಿಳಿತದ ಲಯವೇ ದೂರ ಅಳೆಯುವ ಕೋಲು! ಅಳೆದರೆ, ದೇವಯಾನಿ ನಮ್ಮ ಆಕಾಶಗಂಗೆಯ ಆಚೆಗಿದೆ! ಅದೇ ಇನ್ನೊಂದು ಗೆಲಾಕ್ಸಿ! ಗಾಜಿನ ಮೇಲಿನ ಆ ಆಶ್ಚರ್ಯಸೂಚಕ ಚಿಹ್ನೆಗಿಂತ ಭಾರವಾದದ್ದನ್ನು ನಾನು ಕಂಡಿಲ್ಲ.

ದೇವಯಾನಿಯನ್ನು ನೀವೂ ನೋಡಬಹುದು. ನವೆಂಬರಿನ ಅಮಾವಾಸ್ಯೆಯ ಆಸುಪಾಸು, ರಾತ್ರಿ ಒಂಬತ್ತರ ಹೊತ್ತಿಗೆ, ಊರ ದೀಪಗಳಿಂದ ದೂರ ನಿಂತು ಉತ್ತರದತ್ತ ತಲೆಯೆತ್ತಿ. ಒದ್ದೆ ಬೆರಳು ತಾಗಿದಂಥ ಮಸುಕು ಕಲೆ. ಅದರ ಬೆಳಕು ಹೊರಟದ್ದು ಯಾವಾಗ? 25 ಲಕ್ಷ ವರ್ಷದ ಹಿಂದೆ! ಆಗ ನಮ್ಮಂಥ ಮನುಷ್ಯರು ಇನ್ನೂ ಹುಟ್ಟಿರಲಿಲ್ಲ. ಆ ಬೆಳಕಿನ ಪಯಣ ಮುಗಿಯುವುದು ನಿಮ್ಮ ಕಣ್ಣಿನಲ್ಲಿ!

ಇನ್ನು ನಿಮ್ಮ ಪಯಣ? ಸೂರ್ಯ ಗೆಲಾಕ್ಸಿಯನ್ನು ಒಂದು ಸುತ್ತು ಹಾಕಲು ಸುಮಾರು 23 ಕೋಟಿ ವರ್ಷ ಬೇಕು. ಹಿಂದಿನ ಸುತ್ತು ಶುರುವಾದಾಗ ಭೂಮಿಯ ಮೇಲೆ ಮೊದಮೊದಲ ಡೈನೋಸಾರ್‌ಗಳು ಓಡಾಡುತ್ತಿದ್ದವು!

ಇದನ್ನು ಓದಲು ಮೂರು ನಿಮಿಷ ಹಿಡಿಯಿತೇ? ಅಷ್ಟರಲ್ಲಿ ನೀವು ಬಂದ ದೂರ ಸುಮಾರು 41,000 ಕಿಲೋಮೀಟರ್. ಭೂಮಿಗೆ ಒಂದು ಪೂರ್ತಿ ಪ್ರದಕ್ಷಿಣೆ ಹಾಕಿದಷ್ಟು. ಕುರ್ಚಿ ಬಿಟ್ಟು ಏಳದೆ!