ಬಿಳಿಯ ಮುಸುಕಿನ ರಾಣಿ

ಯುರೋಪಿನಲ್ಲಿ ಶೋಕದ ಬಣ್ಣ ಕಪ್ಪು ಎಂದೇ ನಂಬಿರುವ ನಮಗೆ ಹಳೆಯ ಭಾವಚಿತ್ರವೊಂದು ಅಚ್ಚರಿ ಮೂಡಿಸುತ್ತದೆ. ಅದು ಸ್ಕಾಟ್ಲೆಂಡಿನ ರಾಣಿ ಮೇರಿಯ ಚಿತ್ರ. ಫ್ರಾನ್ಸಿನ ಆಸ್ಥಾನ ಚಿತ್ರಕಾರ ಫ್ರಾನ್ಸ್ವಾ ಕ್ಲೂಯೆ 1560ರ ಸುಮಾರಿನಲ್ಲಿ ರಚಿಸಿದ ಮೂಲ ರೇಖಾಚಿತ್ರ ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಅದನ್ನನುಸರಿಸಿದ ವರ್ಣಚಿತ್ರವೊಂದು ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿದೆ. ತಲೆಯ ಮೇಲೆ ಬಿಳಿಯ ಮುಸುಕು, ಗಲ್ಲದಿಂದ ಎದೆಯವರೆಗೆ ನಿರಿಗೆ ಹಿಡಿದ ತೆಳುವಾದ ಬಿಳಿಯ ಬಟ್ಟೆ. ಮುಖದಲ್ಲಿ ಅಳುವಿಲ್ಲ, ಗಾಂಭೀರ್ಯವಿದೆ.

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಹಿರಿಯರು ಈ ಚಿತ್ರವನ್ನು ಕಂಡರೆ, ಯಾರೆಂದು ಕೇಳುವ ಮೊದಲೇ ವಿಧವೆಯೆಂದು ಊಹಿಸಿಯಾರು. ಆ ಕಾಲದ ಫ್ರಾನ್ಸಿನ ರಾಣಿಯರಿಗೂ ಶೋಕದ ಬಣ್ಣ ಬಿಳಿಯೇ ಆಗಿತ್ತು.

ಹದಿನೇಳು ತಿಂಗಳಲ್ಲಿ ಮೇರಿ ಮೂರು ಸಾವುಗಳನ್ನು ಕಂಡಳು. 1559ರ ಜುಲೈಯಲ್ಲಿ ಮಾವ ದ್ವಿತೀಯ ಹೆನ್ರಿ, 1560ರ ಜೂನ್‌ನಲ್ಲಿ ಹೆತ್ತ ತಾಯಿ, ಅದೇ ವರ್ಷ ಡಿಸೆಂಬರ್ 5ರಂದು ಪತಿ ದ್ವಿತೀಯ ಫ್ರಾನ್ಸಿಸ್ ತೀರಿಕೊಂಡರು. ಆಕೆಗೆ ಹದಿನೆಂಟು ತುಂಬಲು ಇನ್ನೂ ಮೂರು ದಿನಗಳಿದ್ದವು.

ಸಂಪ್ರದಾಯದಂತೆ ಆಕೆ 40 ದಿನ ಏಕಾಂತದಲ್ಲಿದ್ದಳು. ಆದರೆ 1561ರ ಆಗಸ್ಟ್‌ನಲ್ಲಿ ಲೀತ್ ಬಂದರಿನಲ್ಲಿಳಿದು ತನ್ನ ನಾಡಿನ ಆಡಳಿತವನ್ನು ಕೈಗೆತ್ತಿಕೊಂಡಳು. ಅತ್ತೆ ಕ್ಯಾಥರೀನ್ ದ ಮೆಡಿಚಿ ಬಿಳಿಯ ಬದಲು ಕಪ್ಪನ್ನು ಆಯ್ದುಕೊಂಡಳು. ಆ ಉಡುಪಿನಲ್ಲಿಯೇ ಬಾಲಕ ಮಗನ ಪರವಾಗಿ ಫ್ರಾನ್ಸನ್ನು ಆಳಿದಳು. ಮೇರಿಯ ಮುಂದಿನ ಬಾಳು ಕಠಿಣವಾಯಿತು. ಸಿಂಹಾಸನ ಹೋಯಿತು, ಇಂಗ್ಲೆಂಡಿನಲ್ಲಿ ಸುಮಾರು 19 ವರ್ಷಗಳ ಸೆರೆವಾಸ ಬಂತು. ಕಥೋಲಿಕ ವಿಶ್ವಾಸವನ್ನು ಬಿಡದೆ 1587ರ ಫೆಬ್ರವರಿ 8ರಂದು ಶಿರಚ್ಛೇದಕ್ಕೆ ಗುರಿಯಾದಳು. ಆದರೂ ಶೋಕದ ಬಟ್ಟೆ ಅತ್ತೆಯನ್ನಾಗಲಿ ಸೊಸೆಯನ್ನಾಗಲಿ ಮೂಲೆಗೆ ತಳ್ಳಲಿಲ್ಲ.

ನಮ್ಮಲ್ಲಿ ಬಿಳಿಯ ಸೀರೆ ನಲವತ್ತು ದಿನದ್ದಾಗಿರಲಿಲ್ಲ, ಬಾಳಿನುದ್ದದ್ದಾಗಿತ್ತು. ಸೀರೆಗೆ ಬಣ್ಣ ಮರಳಿದರೂ, ಮದುವೆಯ ಮನೆಯಲ್ಲಿ ಹೆತ್ತ ತಾಯಿಯೇ ಹಿಂದೆ ಸರಿದು ನಿಲ್ಲುವುದನ್ನು ನಾವು ಕಂಡಿದ್ದೇವೆ. ನಮ್ಮ ಗಡಿಯಾಚೆ, ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಹೇರವಾಡ ಗ್ರಾಮ ಪಂಚಾಯಿತಿ 2022ರ ಮೇ ತಿಂಗಳಲ್ಲಿ ಒಂದು ನಿರ್ಣಯ ಕೈಗೊಂಡಿತು: ಗಂಡ ಸತ್ತಾಗ ಹೆಂಡತಿಯ ಬಳೆ ಒಡೆಯಬಾರದು, ಕುಂಕುಮ ಅಳಿಸಬಾರದು, ತಾಳಿ ತೆಗೆಯಬಾರದು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರವು ಇತರ ಪಂಚಾಯಿತಿಗಳಿಗೂ ಈ ಮಾದರಿಯನ್ನು ಸೂಚಿಸಿತು.

ವಿಧವೆಯರನ್ನು ಗೌರವಿಸಬೇಕೆಂಬುದು ಸಂತ ಪೌಲರು ತಿಮೊಥೇಯನಿಗೆ ಕೊಟ್ಟ ಬುದ್ಧಿಮಾತು. ಹೇರವಾಡ ಅದನ್ನು ಊರಿನ ನಿಯಮವನ್ನಾಗಿ ಮಾಡಿತು. ಮುಂದಿನ ಮದುವೆಯಲ್ಲಿ ಮಕ್ಕಳನ್ನು ಹರಸಲು ಮೊದಲು ಯಾರನ್ನು ಕರೆಯುತ್ತೇವೆಂಬುದು ನಮ್ಮ ಕೈಯಲ್ಲಿಯೇ ಇದೆ.