ಸೂಜಿ ಕೇಳುವ ಬೇನೆಗೆ ಮಾತಿನ ಮದ್ದು

‘ಸೊಂಟ ಹಿಡದದ, ಒಂದ್ ಸೂಜಿ ಮಾಡ್ರಿ ಸಾಬ್.’ ಭಾಲ್ಕಿ ತಾಲ್ಲೂಕಿನ ಮೆಹಕರದಂಥ ಗಡಿಭಾಗದ ಊರುಗಳಲ್ಲಿ ದವಾಖಾನೆಯ ಬಾಗಿಲಿಗೆ ಬರುವ ಬೇಡಿಕೆ ಇದು. ತೊಗರಿ, ಸೋಯಾ ಹೊಲದಲ್ಲಿ ದಿನವಿಡೀ ಬಗ್ಗಿ ಕಳೆ ಕಿತ್ತ ಬೆನ್ನಿಗೆ ಸೂಜಿ ಬಿದ್ದರೆ ಎರಡು ದಿನ ಹಗುರ. ಮೂರನೇ ದಿನ ಬೇನೆ ಮತ್ತೆ ಹಾಜರು. ಕೇಳಿದವರನ್ನು ದಡ್ಡರೆನ್ನಬೇಡಿ. ನೋವಿದ್ದಲ್ಲಿ ಗಾಯ ಇದ್ದೇ ಇರುತ್ತದೆ ಎಂದು ವೈದ್ಯಶಾಸ್ತ್ರವೂ ಬಹುಕಾಲ ನಂಬಿತ್ತು.

ಆ ನಂಬಿಕೆಯನ್ನು ಅಲುಗಾಡಿಸಿದ್ದು 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಬರೆದ ಪ್ರಬಂಧ. ಬೆನ್ನುಹುರಿಯಲ್ಲಿ ಬಾಗಿಲಿನಂಥದ್ದೊಂದು ಏರ್ಪಾಡಿದೆ, ನೋವಿನ ಸುದ್ದಿಯನ್ನು ಅದು ಒಳಗೆ ಬಿಡಲೂಬಹುದು, ತಡೆಯಲೂಬಹುದು, ಅದರ ಚಿಲಕಕ್ಕೆ ಮಿದುಳೂ ಕೈ ಹಾಕುತ್ತದೆ ಎಂದರು ಅವರು. ಪೆಟ್ಟಾದ ಕಡೆ ಉಜ್ಜಿದರೆ ಹಾಯೆನಿಸುವುದಕ್ಕೆ ಕಾರಣ ಸಿಕ್ಕಿತು. ನಮ್ಮ ಅಜ್ಜಿಯರು ಕಾರಣ ಕೇಳದೆಯೇ ಉಜ್ಜುತ್ತಿದ್ದರು, ಆ ಮಾತು ಬೇರೆ. ಗಾಯ ಮಾಗಿದರೂ ನರಮಂಡಲ ಸುಮ್ಮನಾಗದಿರಬಹುದು, ಕಳ್ಳ ಹೋದ ಮೇಲೂ ಬೊಗಳುವ ನಾಯಿಯ ಹಾಗೆ. 3 ತಿಂಗಳು ದಾಟಿದ ಇಂಥ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಸ್ವಂತ ಜಾಗ ಸಿಕ್ಕಿದ್ದು 2022ರ ಜನವರಿಯಿಂದ.

ನಮ್ಮ ಸರ್ಕಾರಿ ವ್ಯವಸ್ಥೆಗೂ ನೋವು ತಡವಾಗಿಯೇ ಕಂಡಿತು. 2005ರಲ್ಲಿ ಶುರುವಾದ ಆಶಾ ಯೋಜನೆಯ ಕಣ್ಣು ಮೊದಲು ಇದ್ದದ್ದು ಬಾಣಂತಿ, ಕೂಸಿನ ಮೇಲೆ. ಆಮೇಲೆ ಬಿ.ಪಿ., ಶುಗರ್ ಬಂದವು. 2018ರ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳ 12 ಸೇವೆಗಳಲ್ಲಿ ವೃದ್ಧರ ಆರೈಕೆ, ನೋವು ತಗ್ಗಿಸುವ ಉಪಶಮನ ಆರೈಕೆಗಳೂ ಸೇರಿದವು. 2023ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೆಯ ಸೊಂಟನೋವಿಗೆಂದೇ ಮಾರ್ಗಸೂಚಿ ಹೊರಡಿಸಿ, ರೋಗಿಗೆ ತಿಳಿಹೇಳುವುದನ್ನೂ ವ್ಯಾಯಾಮವನ್ನೂ ಚಿಕಿತ್ಸೆಯ ಸಾಲಿಗೆ ಸೇರಿಸಿತು. ಸೊಂಟಕ್ಕೆ ಬೆಲ್ಟ್ ಕಟ್ಟುವುದನ್ನು, ಎಳೆತ ಹಾಕುವುದನ್ನು ಬೇಡವೆಂದಿತು.

ಹೇಳುವುದಾದರೂ ಯಾವ ಮಾತಿನಲ್ಲಿ? ‘ದೀರ್ಘಕಾಲಿಕ ನೋವು’ ಎಂದರೆ ಕಚೇರಿಯ ಕಡತ ಓದಿದಂತಾಗುತ್ತದೆ. ಕನ್ನಡ, ಮರಾಠಿ, ಉರ್ದು ಒಂದೇ ಬೆಂಚಿನಲ್ಲಿ ಕೂರುವ ಸೀಮೆ ಇದು. ಒಬ್ಬರದು ಬ್ಯಾನಿ, ಇನ್ನೊಬ್ಬರದು ದರ್ದ್. ‘ಬೆನ್ನಾಗ ಗ್ಯಾಪ್ ಅದ’ ಎಂಬ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ಹೆದರಿ ಮಂಚ ಹಿಡಿಯುವವರಿದ್ದಾರೆ. ಎಕ್ಸ್‌ರೇಯಲ್ಲಿ ಕಾಣುವ ಸವೆತ ನೋವೇ ಇಲ್ಲದ ಎಷ್ಟೋ ಬೆನ್ನುಗಳಲ್ಲೂ ಇರುತ್ತದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಸರತಿ ಉದ್ದವಿರುವಾಗ ಸೂಜಿಗೆ ಅರ್ಧ ನಿಮಿಷ ಸಾಕು, ಈ ಮಾತಿಗೆ ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷವನ್ನು ಕೊಡದ ವ್ಯವಸ್ಥೆ ಎಷ್ಟು ಗುಳಿಗೆ ಹಂಚಿದರೂ ಅರ್ಧ ಕೆಲಸವನ್ನಷ್ಟೇ ಮಾಡಿದಂತೆ.

ಒಂದು ಎಚ್ಚರಿಕೆ ಮಾತ್ರ ಇರಲಿ. ಸೊಂಟನೋವಿನ ಜೊತೆ ಕಾಲು ಸೋತರೆ, ಮೂತ್ರ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ, ಜ್ವರ ಬಂದರೆ ಮಾತೂ ಬೇಡ, ಕಾಯುವುದೂ ಬೇಡ. ಅಂದೇ ಭಾಲ್ಕಿಯ ತಾಲ್ಲೂಕು ಆಸ್ಪತ್ರೆಗೋ ಬೀದರ್‌ನ ಬ್ರಿಮ್ಸ್ ಆಸ್ಪತ್ರೆಗೋ ಹೋಗಿ.